ಅರ್ಧಕ್ಕೆ ಇಳಿಸಿದ ನೀರು

ಡೆನ್ಮಾರ್ಕಿನಲ್ಲಿ ಏನು ನೋಡಿ ಬಂದೆ ಎಂದು ಕೇಳಿದವರಿಗೆಲ್ಲ ಸಗಣಿ ನೋಡಿ ಬಂದೆ ಎಂದೇ ಹೇಳಿದ್ದೇನೆ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಮಾತು ಅಲ್ಲಿಗೆ ಮುಗಿದರೆ ನನಗೂ ಅನುಕೂಲ. ಆದರೆ ಬರೆಯಲು ಕೂತಾಗ ಅಷ್ಟಕ್ಕೆ ಮುಗಿಸಲಾಗುವುದಿಲ್ಲ. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಆದ್ದರಿಂದ ಎಲ್ಲಿ ಖಾತ್ರಿ ಇಲ್ಲವೋ ಅಲ್ಲಿ ಇಲ್ಲ ಎಂದೇ ಬರೆಯುತ್ತೇನೆ.

ಹಿಂದವಾಡಿ

ಧಾರವಾಡದಲ್ಲಿ ಕೃಷಿ ರಸಾಯನಶಾಸ್ತ್ರ ಓದಿ ಬೆಳಗಾವಿಯ ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೇನೆ. ಅಲ್ಲೇ ಹಿಂದವಾಡಿಯಲ್ಲಿ ಬಾಡಿಗೆ ಮನೆ. ರೈತರು ಚೀಲದಲ್ಲಿ ಮಣ್ಣು ತರುತ್ತಾರೆ, ಯಾವ ಗೊಬ್ಬರ ಎಷ್ಟು ಹಾಕಬೇಕೆಂದು ನಾವು ಚೀಟಿ ಬರೆದು ಕೊಡುತ್ತೇವೆ. ಅವರು ಚೀಟಿ ಜೇಬಿಗಿಟ್ಟುಕೊಂಡು ಹೋಗಿ ತಮಗೆ ತಿಳಿದಷ್ಟು ಹಾಕುತ್ತಾರೆ. ಆ ಚೀಟಿಗಳಿಂದ ಏನಾದರೂ ಆಗುತ್ತದೆ ಎಂಬುದನ್ನು ನಾನು ಮೊದಲ ವರ್ಷದಲ್ಲೇ ನಂಬುವುದು ಬಿಟ್ಟಿದ್ದೆ. ಡೆನ್ಮಾರ್ಕಿನಲ್ಲಿ ಮೂರು ವಾರದ ತರಬೇತಿಗೆ ಹೆಸರು ಕೇಳಿದಾಗ ತಕ್ಷಣ ಕೈ ಎತ್ತಿದ್ದಕ್ಕೆ ಜ್ಞಾನದಾಹ ಕಾರಣವಲ್ಲ. ಒಂದು ಕಡೆ ಕೂರಲಾರದ ಸ್ವಭಾವ ನನ್ನದು.

ಹೊರಡುವ ಮುಂಚೆ ಖಾನಾಪುರಕ್ಕೆ ಹೋಗಿ ಬಂದೆ. ನಮ್ಮ ಊರು ಅದು. ಅಪ್ಪ ಮತ್ತು ತಮ್ಮ ಅಲ್ಲಿ ಹೊಲ, ಎಮ್ಮೆ ನೋಡಿಕೊಳ್ಳುತ್ತಾರೆ. ತಂಗಿ ಸುಮಂಗಲಾಳನ್ನು ಬೆಳಗಾವಿಯ ರವಿವಾರ ಪೇಟೆಯ ಕಿರಾಣಿ ವ್ಯಾಪಾರಸ್ಥರ ಮನೆಗೆ ಕೊಟ್ಟಿದೆ. ಅವಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು, ಹದಿನೈದು ದಿನದ್ದು. ಇದಕ್ಕೂ ಮೊದಲು, ನಾಲ್ಕು ವರ್ಷದ ಕೆಳಗೆ, ಅವಳಿಗೆ ಒಂದು ಗಂಡು ಕೂಸು ಆಗಿತ್ತು. ಎರಡು ತಿಂಗಳು ತುಂಬುವ ಮೊದಲೇ ತೀರಿಕೊಂಡಿತು. ಆದ್ದರಿಂದ ಈ ಸಲ ಮನೆಯಲ್ಲಿ ಯಾರೂ ಜೋರಾಗಿ ಸಂತೋಷಪಡುತ್ತಿರಲಿಲ್ಲ. ಸುಮಾ ಕೂಸಿನ ಉಗುರುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅವಳು ಯಾಕೆ ಹಾಗೆ ನೋಡುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು.

ಯುಟ್ಲಂಡ್, ಮೊದಲ ದಿನ

ಮೊದಲ ವಾರ ನಮಗೆ ಕೋಣೆಯೊಳಗೆ ಪಾಠ. ಎರಡನೆಯ ವಾರ ಒಬ್ಬೊಬ್ಬರನ್ನು ಒಂದೊಂದು ರೈತರ ಮನೆಗೆ ಬಿಟ್ಟರು. ನನ್ನ ಪಾಲಿಗೆ ಬಂದವರು ಯುಟ್ಲಂಡ್ ಪ್ರಾಂತ್ಯದ ಒಂದು ಹಳ್ಳಿಯ ನೀಲ್ಸ್ ಮತ್ತು ಅವರ ಹೆಂಡತಿ ಕಿರ್ಸ್ಟೆನ್. ಇಬ್ಬರಿಗೂ ಅರವತ್ತರ ಹತ್ತಿರ. ನೀಲ್ಸರ ಇಂಗ್ಲಿಷು ನನ್ನ ಮರಾಠಿಯ ಹಾಗೆ, ಬೇಕಾದಾಗ ಮಾತ್ರ ಬರುವಂಥದ್ದು. ಕಿರ್ಸ್ಟೆನ್ ಸರಾಗವಾಗಿ ಮಾತಾಡುತ್ತಿದ್ದರು.

ಹಟ್ಟಿಗೆ ಹೋಗುವ ಮುಂಚೆ ನನ್ನ ಬೂಟು ಬಿಚ್ಚಿಸಿ ಅವರ ರಬ್ಬರ್ ಬೂಟು ಕೊಟ್ಟರು. ದೇವರ ಮನೆಗೆ ಹೋಗುವಾಗ ಚಪ್ಪಲಿ ಬಿಡುವವರು ನಾವು, ದನದ ಮನೆಗೆ ಹೋಗುವಾಗ ಬಿಡುವವರು ಅವರು ಎಂದು ನಾನು ನಕ್ಕೆ. ನೀಲ್ಸ್ ನಗಲಿಲ್ಲ. ನನ್ನ ಬೂಟಿನ ಜೊತೆ ಬೇರೆ ದೇಶದ ರೋಗ ಬರಬಾರದು ಎಂದು ವಿವರಿಸಿದರು. ಅಲ್ಲಿ ಪ್ರತಿಯೊಂದಕ್ಕೂ ಒಂದು ಕಾರಣ, ಪ್ರತಿ ಕಾರಣಕ್ಕೂ ಒಂದು ನಿಯಮ. ಅವರು ಕೊಟ್ಟ ಬೂಟು ದೊಡ್ಡದಾಗಿ ನಾನು ಅಂಗಳದಲ್ಲೇ ಜಾರಿ ಬಿದ್ದೆ. ಆಗ ಮಾತ್ರ ಅವರು ಮನಸಾರೆ ನಕ್ಕರು.

ಊಟಕ್ಕೆ ಕುಳಿತಾಗ ನಾನು ಮಾಂಸ ತಿನ್ನುವುದಿಲ್ಲವೆಂದೆ. ಕಿರ್ಸ್ಟೆನ್ ಮೀನು ತಂದಿಟ್ಟರು. ಮೀನೂ ಇಲ್ಲವೆಂದಾಗ ಅವರ ಮುಖ ಪೆಚ್ಚಾಯಿತು. ಕೊನೆಗೆ ಆಲೂಗಡ್ಡೆ ಬೇಯಿಸಿ ಬೆಣ್ಣೆ ಹಾಕಿ ಕೊಟ್ಟರು. ಅಲ್ಲಿದ್ದ ನಾಲ್ಕೂ ದಿನ ಅದೇ. ಬೆಳಗಾವಿ ಸುತ್ತ ನಾನು ಎಷ್ಟೋ ಆಲೂಗಡ್ಡೆಯ ಹೊಲಗಳ ಮಣ್ಣು ಪರೀಕ್ಷೆ ಮಾಡಿದ್ದೇನೆ. ಮೆಣಸಿನಪುಡಿ ಇಲ್ಲದ ಆಲೂಗಡ್ಡೆ ಅಷ್ಟು ದುಃಖದ ಪದಾರ್ಥ ಎಂದು ಗೊತ್ತಿರಲಿಲ್ಲ.

ಎರಡನೆಯ ದಿನ, ಸಗಣಿಯ ತೊಟ್ಟಿ

ಮನೆಯ ಹಿಂದೆ ಕಾಂಕ್ರೀಟಿನ ದೊಡ್ಡ ದುಂಡನೆಯ ತೊಟ್ಟಿ. ಹಟ್ಟಿಯ ಸಗಣಿ, ಗಂಜಲ ಎಲ್ಲ ಕೊಳವೆಯಲ್ಲಿ ಹರಿದು ಅದಕ್ಕೆ ಬೀಳುತ್ತದೆ. ಏಣಿ ಹತ್ತಿ ನೋಡಿದೆ. ಮೇಲೆ ಒಣ ಹುಲ್ಲಿನ ದಪ್ಪ ಪದರ ಕೂತಿತ್ತು. ವಾಸನೆ ಹೊರಗೆ ಹೋಗದಿರಲು ಆ ಪದರ ಇರಲೇಬೇಕಂತೆ, ಅದೂ ಕಾನೂನು. ಸುಗ್ಗಿ ಮುಗಿದ ಮೇಲೆ ಚಳಿಗಾಲ ಕಳೆಯುವವರೆಗೆ ಈ ಸಗಣಿಯ ನೀರನ್ನು ಖಾಲಿ ಹೊಲಕ್ಕೆ ಬಿಡುವಂತಿಲ್ಲ. ಬೆಳೆ ಇಲ್ಲದಾಗ ಹಾಕಿದರೆ ಅದನ್ನು ಹೀರುವ ಬೇರು ಇರುವುದಿಲ್ಲ. ಮಳೆಯೊಂದಿಗೆ ಅದರಲ್ಲಿರುವ ನೈಟ್ರೇಟು ಎಂಬ ಲವಣ ಕೆಳಗಿಳಿದು ಬಾವಿಗೆ ಸೇರುತ್ತದೆ. ಅದಕ್ಕೇ ತಿಂಗಳುಗಟ್ಟಲೆ ತುಂಬಿಡಲು ಸಾಲುವಷ್ಟು ದೊಡ್ಡ ತೊಟ್ಟಿ. ಯಾವ ಬೆಳೆಗೆ ಎಷ್ಟು ಸಗಣಿ, ಎಷ್ಟು ಚೀಲದ ಗೊಬ್ಬರ ಎಂದು ನೀಲ್ಸ್ ಪ್ರತಿ ವರ್ಷ ಸರಕಾರಕ್ಕೆ ಬರೆದು ಕೊಡಬೇಕು. ಹೆಚ್ಚು ಹಾಕಿದರೆ ದಂಡ.

ಅವರಿಗೆ ಇದು ಇಷ್ಟವಿರಲಿಲ್ಲ. ತಮ್ಮ ತಂದೆಯ ಕಾಲದಲ್ಲಿ ಸಗಣಿ ರೈತನದಾಗಿತ್ತು, ಈಗ ಮಂತ್ರಿಯದಾಗಿದೆ ಎಂದರು. ನಾನು ಒಳಗೊಳಗೇ ಅವರ ಪಕ್ಷ ವಹಿಸಿದೆ. ನಮ್ಮ ಹಿತ್ತಲು ನೆನಪಾಯಿತು. ಬಾವಿಯಿಂದ ಹತ್ತು ಹೆಜ್ಜೆಗೆ ತಿಪ್ಪೆ. ತಿಪ್ಪೆಯ ಬಾಜು ಯೂರಿಯಾ ಚೀಲ ಇಡುವ ತಗಡಿನ ಚಪ್ಪರ. ಮಳೆಗಾಲದಲ್ಲಿ ತಿಪ್ಪೆಯಿಂದ ಕಪ್ಪನೆಯ ನೀರು ಇಳಿದು ಅಂಗಳದ ಕೆಂಪು ಮಣ್ಣಿನಲ್ಲಿ ಇಂಗುತ್ತದೆ. ಅಜ್ಜನ ಕಾಲದಿಂದ ಹಾಗೇ ಇದೆ. ದೀಪಾವಳಿಗೆ ಅದೇ ಸಗಣಿಯಿಂದ ಪಾಂಡವರನ್ನು ಮಾಡಿ, ಹೂವು ಚುಚ್ಚಿ ಹೊಸ್ತಿಲಲ್ಲಿ ಕೂರಿಸುತ್ತೇವೆ. ನೀಲ್ಸರಿಗೆ ಇದನ್ನು ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಹಾಗಾದರೆ ನಿಮ್ಮಲ್ಲಿ ಇನ್‌ಸ್ಪೆಕ್ಟರು ಯಾರು ಎಂದು ಕೇಳಿದರು.

ಮೂರನೆಯ ದಿನ, ಅಡುಗೆಮನೆ

ಹಿಂದಿನ ಸಂಜೆ ಅವರ ಮಗಳು ಮೆಟ್ಟೆ ತನ್ನ ಎರಡು ತಿಂಗಳ ಕೂಸಿನೊಂದಿಗೆ ಬಂದಿದ್ದಳು. ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಒಬ್ಬನೇ ಇದ್ದೆ. ಮೇಲಿನ ಕೋಣೆಯಲ್ಲಿ ಕೂಸು ಅಳತೊಡಗಿತು. ಮೆಟ್ಟೆ ಮೆಟ್ಟಿಲ ಮೇಲಿನಿಂದಲೇ ತಾಯಿಗೆ ಏನೋ ಕೂಗಿದಳು. ಭಾಷೆ ತಿಳಿಯದಿದ್ದರೂ ಕೂಸಿನ ಹಾಲಿಗೆ ನೀರು ಕಾಯಿಸಲು ಹೇಳುತ್ತಿದ್ದಾಳೆಂದು ತಿಳಿಯಿತು. ಹಾಲಿನ ಪುಡಿಯ ಡಬ್ಬಿ, ಬಾಟಲಿ ಎದುರಿಗೇ ಇದ್ದವು. ಎರಡು ದಿನ ಉಂಡ ಋಣಕ್ಕೆ ಇಷ್ಟಾದರೂ ಮಾಡೋಣ ಎಂದು ನಳದಿಂದ ಕೆಟಲಿಗೆ ನೀರು ತುಂಬಿ ಇಟ್ಟೆ. ಕುದಿಯಿತು. ಇನ್ನೂ ಸ್ವಲ್ಪ ಕುದಿಯಲಿ ಎಂದು ಬಿಟ್ಟೆ. ಪರದೇಶದ ಕೂಸು, ಜಾಗ್ರತೆ ಇರಲಿ ಎಂಬ ಭಾವನೆ.

ಕಿರ್ಸ್ಟೆನ್ ಹೊರಗಿನಿಂದ ಬಂದವರು ಕೆಟಲು ನೋಡಿದರು. ಅದನ್ನು ಕೂಸಿಗಾಗಿ ಇಟ್ಟದ್ದೇ ಎಂದು ಕೇಳಿದರು. ಹೌದು ಎಂದೆ. ಅವರು ಅದನ್ನೆತ್ತಿ ಮೋರಿಗೆ ಸುರಿದರು.

ಚೆನ್ನಾಗಿ ಕುದಿಸಿದ್ದೇನೆ ಎಂದೆ. ನನಗೆ ಅವಮಾನವಾಗಿತ್ತು.

“ಕುದಿಸಿದರೆ ಇನ್ನೂ ಕೆಟ್ಟದ್ದು,” ಎಂದರು ಕಿರ್ಸ್ಟೆನ್.

ಕಪಾಟಿನ ಬಾಗಿಲಿಗೆ ಅಂಟಿಸಿದ್ದ ಒಂದು ಕಾಗದ ತೋರಿಸಿದರು. ಆ ಮನೆಗೆ ಸ್ವಂತ ಬಾವಿ. ಅಲ್ಲಿಯ ಪುರಸಭೆಯವರು ಬಂದು ಅದರ ನೀರು ಪರೀಕ್ಷಿಸಿ ಬರೆದಿದ್ದ ಕಾಗದ ಅದು. ಅವರು ಬೆರಳಿಟ್ಟು ಸಾಲು ಸಾಲಾಗಿ ಅರ್ಥ ಹೇಳಿದರು. ನೈಟ್ರೇಟು ಹೆಚ್ಚಿದೆ. ದೊಡ್ಡವರು ಸದ್ಯಕ್ಕೆ ಕುಡಿಯಬಹುದು. ಎಳೆಯ ಕೂಸುಗಳ ಹಾಲಿಗೆ ಬಳಸಬಾರದು. ಕುದಿಸಿದರೆ ನೀರು ಆವಿಯಾಗುತ್ತದೆ, ನೈಟ್ರೇಟು ಉಳಿಯುತ್ತದೆ, ಆದ್ದರಿಂದ ಕುದಿಸಿ ಕೊಡುವುದು ಪರಿಹಾರವಲ್ಲ. ಆಮೇಲೆ ಮೇಜಿನ ಕೆಳಗಿದ್ದ ನೀರಿನ ಬಾಟಲಿಗಳ ಪೆಟ್ಟಿಗೆ ಎಳೆದು ಒಂದನ್ನು ತೆಗೆದರು. ನನ್ನ ಭುಜ ತಟ್ಟಿ, ನಿನಗೆ ಹೇಗೆ ಗೊತ್ತಿರಬೇಕು ಎಂದರು.

ನನಗೆ ಗೊತ್ತಿತ್ತು. ಅದೇ ನನ್ನ ಕಷ್ಟ. ಆ ಕಾಗದದಲ್ಲಿದ್ದ ಪ್ರತಿಯೊಂದು ಮಾತೂ ನನಗೆ ಗೊತ್ತಿತ್ತು. ನೈಟ್ರೇಟಿನಿಂದ ಎಳೆಗೂಸಿನ ರಕ್ತ ಉಸಿರು ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ತುಟಿ ಮತ್ತು ಉಗುರು ನೀಲಿಗಟ್ಟುತ್ತವೆ ಎಂದು ಪರೀಕ್ಷೆಯಲ್ಲಿ ಒಂದೂವರೆ ಪುಟ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಅದು ಪುಸ್ತಕದಲ್ಲಿ ಇದ್ದದ್ದು ಪುಸ್ತಕದಲ್ಲೇ ಉಳಿದಿತ್ತು. ನಮ್ಮ ಹಿತ್ತಲಿಗೆ ಅದು ಬಂದಿರಲಿಲ್ಲ.

ಬೇಲಿಯ ಬಳಿ

ಹೊರಗೆ ಹೋಗಿ ಹುಲ್ಲುಗಾವಲಿನ ಬೇಲಿ ಹಿಡಿದು ನಿಂತೆ. ಮಂಜು ಸುರಿಯುತ್ತಿತ್ತು. ಸುಮಾಳ ಮೊದಲ ಕೂಸಿನ ದಿನಗಳನ್ನು ಒಂದೊಂದಾಗಿ ಹೊರಗೆ ತೆಗೆಯಲು ನೋಡಿದೆ.

ಅದು ಮಳೆಗಾಲ. ಬಾವಿಯ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ಬಂದಿತ್ತು. ಸುಮಾಳಿಗೆ ಜ್ವರ ಬಂದು ಎದೆಹಾಲು ನಿಂತಿತ್ತು. ಹಾಲಿನ ಪುಡಿಯ ಡಬ್ಬಿಯನ್ನು ಬೆಳಗಾವಿಯಿಂದ ತಂದು ಕೊಟ್ಟವನು ನಾನು. ಇಷ್ಟು ಖಾತ್ರಿ. ನಮ್ಮ ಮನೆಯಲ್ಲಿ ಬಾಣಂತಿ ಇರುವಷ್ಟು ದಿನ ಒಲೆಯ ಮೇಲೆ ಒಂದು ತಾಮ್ರದ ಪಾತ್ರೆಯಲ್ಲಿ ನೀರು ಕಾಯುತ್ತಲೇ ಇರುತ್ತದೆ. ಅದನ್ನು ಪೂರ್ತಿ ಬರಿದು ಮಾಡಬಾರದು ಎಂಬ ಪದ್ಧತಿ. ನೀರು ಇಂಗಿದ ಹಾಗೆ ಮೇಲಿಂದ ಸುರಿಯುತ್ತ ಹೋಗುತ್ತಾರೆ. ಇದೂ ಖಾತ್ರಿ. ದಿನಗಟ್ಟಲೆ ಹಾಗೆ ಇಂಗಿದ ನೀರಿನಲ್ಲಿ ಏನು ಉಳಿದಿರುತ್ತದೆ ಎಂದು ನನ್ನ ಪ್ರಯೋಗಾಲಯದ ಯಾವ ಹುಡುಗಿಯನ್ನು ಕೇಳಿದರೂ ಹೇಳುತ್ತಾಳೆ.

ಮುಂದಿನದು ಖಾತ್ರಿಯಿಲ್ಲ. ನೆನಪಿನಲ್ಲಿ ನಾನು ಒಲೆಯ ಮುಂದೆ ನಿಂತು ಹೇಳುತ್ತಿದ್ದೇನೆ: ಮಳೆಗಾಲದ ನೀರು, ಬರೀ ಬಿಸಿ ಮಾಡಿದರೆ ಸಾಲದು, ಅರ್ಧಕ್ಕೆ ಇಳಿಯುವ ತನಕ ಕುದಿಸಿ ಕೂಸಿಗೆ ಕೊಡಿ. ಅವ್ವ ತಲೆಯಾಡಿಸುತ್ತಾಳೆ, ಓದಿದ ಮಗನ ಮಾತು. ಆದರೆ ಆ ನೆನಪಿನಲ್ಲಿ ನನಗೆ ನನ್ನ ಬೆನ್ನು ಕಾಣುತ್ತದೆ. ತನ್ನ ಬೆನ್ನನ್ನು ತಾನು ನೋಡಿರುವುದು ಯಾರಿಗೂ ಸಾಧ್ಯವಿಲ್ಲ. ಹಾಗಾದರೆ ಇದು ನೆನಪೋ, ಆ ಕೆಟಲಿನಿಂದ ಈಗ ಹುಟ್ಟಿದ್ದೋ?

ಕೂಸು ಮೊದಲು ತುಟಿಯ ಸುತ್ತ ನೀಲಿಯಾಯಿತು, ಆಮೇಲೆ ಉಗುರು. ಅವ್ವ ದೃಷ್ಟಿ ತೆಗೆದಳು. ಮರುದಿನ ಜೀಪು ಮಾಡಿಕೊಂಡು ಬೆಳಗಾವಿಯ ನೆಹರು ನಗರದ ಆಸ್ಪತ್ರೆಗೆಂದು ಹೊರಟೆವು. ದೇಸೂರು ದಾಟುವಾಗ ಸುಮಾಳ ತೊಡೆಯ ಮೇಲೆಯೇ ಉಸಿರು ನಿಂತಿತು. ಆಸ್ಪತ್ರೆಯನ್ನು ಮುಟ್ಟಲೇ ಇಲ್ಲ. ಜೀಪು ತಿರುಗಿಸಿದೆವು. ಹುಟ್ಟುತ್ತಲೇ ಹೃದಯದಲ್ಲಿ ತೂತು ಇದ್ದಿರಬೇಕು ಎಂದು ನಾನೇ ಎಲ್ಲರಿಗೂ ಹೇಳಿದೆ. ನನ್ನ ಮಾತನ್ನು ನಂಬಿದರು. ಅದು ತೂತೇ ಇದ್ದಿರಬಹುದು. ರಕ್ತವನ್ನು ಯಾರೂ ಪರೀಕ್ಷೆ ಮಾಡಿಲ್ಲ, ಇನ್ನು ಮಾಡಲೂ ಆಗುವುದಿಲ್ಲ.

ಇಷ್ಟೆಲ್ಲ ಯೋಚಿಸಿದ ಮೇಲೆ ಹೊಳೆಯಿತು: ಈಗ ಇನ್ನೊಂದು ಕೂಸು ಅದೇ ಒಲೆಯ ಮುಂದೆ ಇದೆ.

ಖಾನಾಪುರಕ್ಕೆ ಫೋನು

ನಮ್ಮ ಮನೆಯಲ್ಲಿ ಫೋನಿಲ್ಲ. ಪಕ್ಕದ ಮನೆಯ ಪಾಟೀಲ ಕಾಕಾ ಅವರಲ್ಲಿದೆ. ಮರಾಠಿ ಮನೆಮಾತಿನವರು, ನಮ್ಮೊಡನೆ ಕನ್ನಡ. ಕಿರ್ಸ್ಟೆನ್ ಕಾರಣ ಕೇಳದೆ ಫೋನು ನನ್ನ ಮುಂದಿಟ್ಟು ಬಾಗಿಲು ಮುಚ್ಚಿ ಹೋದರು. ಆರನೆಯ ಸಲಕ್ಕೆ ಲೈನು ಸಿಕ್ಕಿತು. ಕಡಲಿನ ಮೊರೆತದಂಥ ಸದ್ದು. ಅವ್ವನನ್ನು ಕರೆಯಿರಿ, ಬಾವಿ ನೀರಿನ ವಿಷಯ ಎಂದೆ.

“ಪರದೇಶದಾಗ ಕುಡಿಯಾಕ ನೀರ ಸಿಗವಲ್ತೇನ ಸಾಹೇಬ್ರ, ಇಲ್ಲೀ ಬಾವಿ ನೆನಸಾಕತ್ತೀರಿ,” ಎಂದರು ಕಾಕಾ. ನಗುತ್ತಲೇ ಕರೆಯಲು ಹೋದರು.

ಅವ್ವ ಬಂದಳು. ನಾನು ಮೊದಲು ಕೂಸಿನ ಉಗುರು ಹೇಗಿವೆ ಎಂದು ಕೇಳಿದೆ. ಚಲೋ ಅದಾವ ಎಂದಳು. ಎದೆಹಾಲು ಇದೆಯೇ ಎಂದೆ. ಐತಿ, ಆದರೂ ಸಂಜೆಗೆ ಸಾಲುವುದಿಲ್ಲವೆಂದು ಎರಡು ದಿನದಿಂದ ಪುಡಿಯ ಹಾಲು ಶುರು ಮಾಡಿದ್ದೇವೆ ಎಂದಳು.

“ಅವ್ವಾ, ಕೂಸಿಗೆ ಬಾವಿ ನೀರ ಹಾಕಬ್ಯಾಡ್ರಿ. ಊರ ನಳದ್ದ ತರ್ರಿ, ಅದು ಹೊಳೀ ನೀರು.”

“ಹಸೀ ನೀರ ಯಾರ ಕೊಡ್ತಾರೊ ಯಪ್ಪಾ. ಅರ್ಧಕ್ಕ ಇಳಿಸೇ ಕೊಡ್ತೇವಿ. ನೀ ಹೇಳಿದಂಗನ.”

ನೀ ಹೇಳಿದಂಗನ. ಹಾಗೆ ಕೇಳಿಸಿತು. ಸದ್ದು ಬಹಳ ಇತ್ತು, ಆದರೂ ಹಾಗೆ ಕೇಳಿಸಿತು.

ಕುದಿಸಿದರೆ ಇನ್ನೂ ಕೆಟ್ಟದ್ದು ಎಂದೆ. ಯಾಕೆ ಎಂದಳು. ತಿಪ್ಪೆಯ, ಯೂರಿಯಾದ ವಿಷ ನೀರಿಗಿಳಿದಿದೆ, ಒಲೆಯ ಮೇಲೆ ನೀರಷ್ಟೇ ಹೋಗುತ್ತದೆ, ವಿಷ ಹೋಗುವುದಿಲ್ಲ ಎಂದೆ. ತಾಮ್ರದ ಪಾತ್ರೆಯನ್ನು ಈಗಲೇ ಬರಿದು ಮಾಡಿ ಎಂದೆ. ಅವ್ವ ಅಕ್ಷರ ಕಲಿತವಳಲ್ಲ. ಆದರೆ ಒಂದರ ಪಕ್ಕ ಒಂದನ್ನಿಟ್ಟು ನೋಡಲು ಅವಳಿಗೆ ಪುಸ್ತಕ ಬೇಕಿಲ್ಲ. ಕೊನೆಗೆ, ಆತು, ಫೋನ ಇಡತೇನಿ ಎಂದಷ್ಟೇ ಹೇಳಿದಳು.

ಉಳಿದ ದಿನಗಳಲ್ಲಿ ಏನು ನೋಡಿದೆನೋ ನೆನಪಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಏನೇನೋ ಬರೆದಿದ್ದೇನೆ, ಅಕ್ಷರ ನನ್ನದೇ. ಹೊರಡುವ ದಿನ ನೀಲ್ಸ್ ಮತ್ತೆ ಸರಕಾರವನ್ನು ಬೈದರು. ಈ ಸಲ ನಾನು ಅವರ ಪಕ್ಷ ವಹಿಸಲಿಲ್ಲ. ಒಂದು ಬಾವಿಗೆ ಕಾಗದ ಬರೆಯುವ ಸರಕಾರ ಇದೆಯಲ್ಲ ಎಂದು ಅನ್ನಿಸಿತ್ತು.

ಬೆಳಗಾವಿ

ಬಂದವನು ನೇರ ಖಾನಾಪುರಕ್ಕೆ ಹೋಗಬೇಕಾಗಿತ್ತು. ಹೋಗಲಿಲ್ಲ. ಕೂಸು ಹುಷಾರಾಗಿದೆ, ನಳದ ನೀರೇ ಕೊಡುತ್ತಿದ್ದಾರೆ ಎಂದು ಸುಮಾಳ ಗಂಡ ಹಿಂದವಾಡಿಗೆ ಬಂದು ಹೇಳಿದ. ನಾನು ಹೇಳಿದ ಮೇಲೆ, ಮರುದಿನ ಖಾನಾಪುರದ ಬಾವಿಯ ನೀರನ್ನು ಬಾಟಲಿಯಲ್ಲಿ ತಂದು ಕೊಟ್ಟ. ಯಾಕೆಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಪ್ರಯೋಗಾಲಯದಲ್ಲಿ ಎಲ್ಲರೂ ಊಟಕ್ಕೆ ಎದ್ದ ಮೇಲೆ ಪರೀಕ್ಷೆ ಮಾಡಿದೆ. ಮೂರು ಸಲ ಮಾಡಿದೆ. ಎಳೆಗೂಸಿಗೆ ಕೊಡಬಾರದ ನೀರು ಅದು. ನಾಲ್ಕು ವರ್ಷದ ಕೆಳಗೆ ಹೇಗಿತ್ತು ಎಂದು ಆ ಬಾಟಲಿ ಹೇಳಲಾರದು. ಈ ಸಂಶಯವನ್ನು ನಾನು ಊರುಗೋಲಿನಂತೆ ಹಿಡಿದುಕೊಂಡೆ.

ವರದಿ ಹಿಡಿದು ಮೂರು ಕಚೇರಿ ಅಲೆದೆ. ತಂಗಿಯ ಮುಂದೆ ನಿಲ್ಲುವ ಮೊದಲು ಕೈಯಲ್ಲಿ ಯಾರದಾದರೂ ಒಂದು ಆದೇಶ, ಒಂದು ಮೊಹರು ಇರಲಿ ಎಂಬ ಆಸೆ. ಗೊಬ್ಬರ ನೋಡಿಕೊಳ್ಳುವವರು ಚೀಲದೊಳಗಿನ ಗೊಬ್ಬರ ಅಸಲಿಯೋ ನಕಲಿಯೋ ನೋಡುತ್ತೇವೆ, ಹೊಲಕ್ಕೆ ಬಿದ್ದ ಮೇಲೆ ನಮ್ಮದಲ್ಲ ಎಂದರು. ನೀರಿನವರು ಬಾವಿ ಖಾಸಗಿ ಎಂದರು. ಮಾಲಿನ್ಯದವರಲ್ಲಿ ಕಾರ್ಖಾನೆಗೆ ಅರ್ಜಿ ನಮೂನೆ ಇತ್ತು, ತಿಪ್ಪೆಗೆ ಇರಲಿಲ್ಲ. ಅಲ್ಲಿಯ ಹಿರಿಯ ಗುಮಾಸ್ತರು ಒಳ್ಳೆಯವರು. ಚಹಾ ತರಿಸಿದರು.

“ಕುಂದರ್ರಿ. ಬಾವಿ ನಿಮ್ಮದು, ತಿಪ್ಪಿ ನಿಮ್ಮದು, ಎಮ್ಮಿ ನಿಮ್ಮದು. ಇದರಾಗ ಸರಕಾರ ಎಲ್ಲಿ ಬಂತ್ರಿ?”

ಚಹಾ ಕುಡಿದು ಎದ್ದೆ. ಕೂಸಿನ ವಿಷಯ ನಾನು ಅವರಿಗೆ ಹೇಳಿರಲಿಲ್ಲ.

ಖಾನಾಪುರ

ಐದನೆಯ ದಿನ ಹೋದೆ. ಅಪ್ಪ ಮತ್ತು ತಮ್ಮ ಆಗಲೇ ತಿಪ್ಪೆಯನ್ನು ಹೊಲದ ಅಂಚಿಗೆ ಸಾಗಿಸಲು ಶುರು ಮಾಡಿದ್ದರು. ಹಿತ್ತಲಲ್ಲಿ ಅದಿದ್ದ ಜಾಗ ಕಪ್ಪಗೆ, ತೇವವಾಗಿ ಉಳಿದಿತ್ತು. ಒಲೆಯ ಮೇಲಿನ ತಾಮ್ರದ ಪಾತ್ರೆ ಇರಲಿಲ್ಲ. ಸುಮಾ ಗೋಡೆಗೆ ಒರಗಿ ಕೂಸನ್ನು ಮಡಿಲಲ್ಲಿ ಹಾಕಿಕೊಂಡಿದ್ದಳು. ಅವ್ವ ಜೋಳ ಹಸನು ಮಾಡುತ್ತಿದ್ದಳು. ಪರದೇಶದ ಚಳಿ ಹೇಗಿತ್ತು, ಏನು ಉಂಡೆ ಎಂದು ಕೇಳಿದರು. ಆಲೂಗಡ್ಡೆಯ ಕತೆ ಹೇಳಿದೆ. ಯಾರೂ ನಗಲಿಲ್ಲ.

ಬಸ್ಸಿನಲ್ಲಿ ಬರುವಾಗ ಹೇಳಬೇಕಾದ್ದನ್ನು ಜೋಡಿಸಿಕೊಂಡಿದ್ದೆ. ಸುಮಾ, ಅಂದು ಅರ್ಧಕ್ಕೆ ಇಳಿಸಿ ಎಂದವನು ನಾನು. ಅಷ್ಟೇ ಮಾತು. ಬಾಯಿ ತೆರೆದೆ. ಅವಳ ಹೆಸರು ಹೇಳಿದೆ.

“ಆವತ್ತ ಅರ್ಧಕ್ಕ ಇಳಸಂತ ಹೇಳಿದಾಕಿ ನಾ,” ಎಂದಳು ಅವ್ವ. ಮೊರದಿಂದ ಕಣ್ಣೆತ್ತಲಿಲ್ಲ.

ನಾನು ಇಲ್ಲವೆಂದೆ. ನಾನೇ ಹೇಳಿದ್ದೆ, ಫೋನಿನಲ್ಲಿ ನೀನೇ ಹಾಗೆಂದೆಯಲ್ಲ ಎಂದೆ.

“ಫೋನಿನಾಗ ಏನ ಕೇಳಸ್ತೈತಿ, ಬರೇ ಗರಗರ. ನೀ ಆವಾಗ ಊರಾಗ ಎಲ್ಲಿದ್ದಿ? ಡಬ್ಬಿ ಕೊಟ್ಟು ಸಂಜೀ ಬಸ್ಸಿಗೆ ಹೋದಿ, ಕೂಸಿಗೆ ಹೆಚ್ಚಾದ ಮ್ಯಾಲೆ ಬಂದಿ. ನಿನಗ ನೆನಪಿಲ್ಲ. ನಮ್ಮ ಅತ್ತಿ ಹೇಳ್ತಿದ್ರು ಹಂಗ ಮಾಡಬೇಕಂತ, ನಾ ಮಾಡಿದೆ.”

ಅವಳ ದನಿಯಲ್ಲಿ ತಡವರಿಕೆ ಇರಲಿಲ್ಲ. ಸಂಜೆಯ ಬಸ್ಸಿನ ವಿಷಯ ನಿಜವಿರಬಹುದು. ನನಗೆ ನೆನಪಿಲ್ಲ. ಎರಡು ವಾರ ಹಗಲೂ ಇರುಳೂ ಅವಳು ಇದನ್ನು ಜೋಡಿಸಿ ಗಟ್ಟಿ ಮಾಡಿಕೊಂಡಿರಬಹುದು. ಅದೂ ನನಗೆ ಗೊತ್ತಿಲ್ಲ. ಎಲ್ಲವನ್ನೂ ಸಂಶಯಿಸಲು ಕಲಿತವನಿಗೆ ತನ್ನನ್ನು ತಪ್ಪಿಸಲು ಬಂದ ಮಾತನ್ನು ಸಂಶಯಿಸುವುದು ಸುಲಭವಾಗಬೇಕಿತ್ತು. ಆದರೆ ಒಂದು ಗಳಿಗೆ ನಾನು ಅದನ್ನು ನಂಬಿದೆ. ಎದೆ ಹಗುರವಾಯಿತು. ಆ ಹಗುರವನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಸುಮಾ ಅಲ್ಲಿಯವರೆಗೆ ನಮ್ಮಿಬ್ಬರ ಕಡೆ ನೋಡಿರಲಿಲ್ಲ. ಕೂಸಿನ ಬಾಯಿ ಒರೆಸಿದಳು.

“ಯಾರರ ಹೇಳಿರ್ಲಿ,” ಎಂದಳು. “ಆ ಕೂಸು ಬ್ಯಾಡಂತ ಬಾಯಿ ತಿರುವತಿತ್ತಣ್ಣಾ. ಹಿಡದು ಕುಡಿಸಿದಾಕಿ ನಾ.”

ಅವ್ವನ ಕೈ ಮೊರದ ಮೇಲೆ ನಿಂತಿತು. ನಾನು ಜೇಬಿನಲ್ಲಿದ್ದ ವರದಿಯನ್ನು ಹೊರಗೆ ತೆಗೆಯಲಿಲ್ಲ. ಆಮೇಲೆ ಸುಮಾ, ನಳ ಬಿಡುವ ಹೊತ್ತಾಯಿತೆಂದು ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟಳು. ಬಾಣಂತಿ ಹೊರಗೆ ಹೋಗಬಾರದು ಎಂದು ಅವ್ವ ಅನ್ನಲಿಲ್ಲ. ಸುಮಾ ಕೊಡ ತೆಗೆದುಕೊಂಡು, ಸೆರಗು ತಲೆಯ ಮೇಲೆ ಎಳೆದುಕೊಂಡು ಹೋದಳು.